ಮೂವತ್ತೇಳನೇ ನಂಬರಿನ ಭೂತಯ್ಯ

ಹೊನ್ನೆಮರ ಎಸ್ಟೇಟ್, ಹೆತ್ತೂರು ಹೋಬಳಿ
೮-೨-೨೦೦೯, ಭಾನುವಾರ

ಪ್ರೀತಿಯ ಮಗ ಮಹೇಶನಿಗೆ,

ನಿನ್ನ ಅಪ್ಪ ವೀರಯ್ಯನ ಆಶೀರ್ವಾದ. ನಾವಿಬ್ಬರೂ ಇಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ, ಬರೆದಿದ್ದೇನೆ. ಎಷ್ಟು ಕ್ಷೇಮ ಎಂಬುದು ಓದುತ್ತಾ ಹೋದರೆ ನಿನಗೇ ತಿಳಿಯುತ್ತದೆ. ನಿನ್ನ ಮೈ ಹೇಗಿದೆ? ಉಪ್ಪುಗಾಳಿಗೆ ತೋಳೆಲ್ಲ ಕಡಿತ ಎಂದಿದ್ದೆಯಲ್ಲ, ಕಡಿಮೆಯಾಯಿತೇ? ದೋಣಿ ಹತ್ತಿದ ಕೂಡಲೇ ವಾಂತಿಯಾಗುತ್ತಿದ್ದದ್ದು ನಿಂತಿತೇ? ಬಾಯಲ್ಲಿ ಒಂದು ಚೂರು ಒಣಶುಂಠಿ ಇಟ್ಟುಕೊಳ್ಳಬೇಕಂತೆ, ನಿನ್ನ ಅವ್ವ ಪಕ್ಕದಲ್ಲೇ ನಿಂತು ಬರೆಸುತ್ತಿದ್ದಾಳೆ. ನಮ್ಮ ವಂಶದಲ್ಲಿ ಹೇಮಾವತಿ ಹೊಳೆಗಿಂತ ದೊಡ್ಡ ನೀರು ಕಂಡವರಿಲ್ಲ. ಅಂಥವನನ್ನು ಒಯ್ದು ಕಾರವಾರದ ಕಡೆ ಸಮುದ್ರದಲ್ಲಿ ದೋಣಿ ಕಾಯಲು ಕೂರಿಸಿದ್ದಾರೆ. ಮುಂಬೈಗೆ ಆ ಪಾಪಿಗಳು ನೀರಿನ ಮೇಲೆ ಬಂದರು, ಅದಕ್ಕೆ ಹಾಸನ ಜಿಲ್ಲೆಯ ಕಾನ್‌ಸ್ಟೇಬಲ್ ಒಬ್ಬ ಈಜು ಕಲಿಯಬೇಕಾಯಿತು. ನಗಬೇಕೆನ್ನಿಸುತ್ತದೆ, ನಗು ಬರುವುದಿಲ್ಲ. ನಿನ್ನ ಅವ್ವನ ಮಂಡಿನೋವು ಹಾಗೇ ಇದೆ. ನಿನ್ನ ತಂಗಿ ತನುಜಾ ಹೋದ ವಾರ ಆಲೂರಿನಿಂದ ಬಂದು ಹೋದಳು, ಚೆನ್ನಾಗಿದ್ದಾಳೆ. ಹಾಸನಕ್ಕೆ ನಿನ್ನ ವರ್ಗಾವಣೆಯ ಅರ್ಜಿ ಏನಾಯಿತೆಂದು ನಿನ್ನ ಅವ್ವ ದಿನಕ್ಕೆರಡು ಸಲ ಕೇಳುತ್ತಾಳೆ, ಅದು ನನ್ನ ಜೇಬಿನಲ್ಲೇ ಇದ್ದ ಹಾಗೆ.

ಫೋನ್ ಬಿಟ್ಟು ಕಾಗದ ಯಾಕೆ ಎಂದು ನಿನಗೆ ಅನ್ನಿಸಬಹುದು. ನನ್ನ ಸಿಮ್ಮನ್ನು ಕಟ್ ಮಾಡಿದ್ದಾರೆ. ಫೋಟೋ ಕೊಟ್ಟಿಲ್ಲ, ವಿಳಾಸದ ಪುರಾವೆ ಕೊಟ್ಟಿಲ್ಲ ಎಂದು ಬಾಳ್ಳುಪೇಟೆಯ ಅಂಗಡಿಯವನು ಹೇಳಿದ. ಅವನ ಅಂಗಡಿಯ ಮುಂದೆ ಇಪ್ಪತ್ತು ವರ್ಷ ಬೀಡಿ ಸೇದಿದ್ದೇನೆ, ಈಗ ನಾನು ಯಾರೆಂದು ಅವನಿಗೆ ಪುರಾವೆ ಬೇಕು. ಅವನದೇನು ತಪ್ಪು, ಮೇಲಿನ ಆರ್ಡರು. ಹೆತ್ತೂರಿನ ಬೂತಿನಿಂದ ನಿನಗೆ ಎರಡು ಸಲ ಮಾಡಿದೆ, ಸಿಗಲಿಲ್ಲ, ನೀರಿನ ಮೇಲಿದ್ದೆಯೇನೋ. ಬೇಸರವಾಯಿತು, ನಿಜ ಹೇಳಬೇಕೆಂದರೆ ಸಮಾಧಾನವೂ ಆಯಿತು. ಹತ್ತು ಜನ ಸಾಲಾಗಿ ನಿಂತ ಬೂತಿನಲ್ಲಿ ಆಡುವ ಮಾತಲ್ಲ ಇದು.

ನವೆಂಬರಿನಲ್ಲಿ ಮುಂಬೈಯ ಆ ಮೂರು ದಿನ ನೀನು ಬಂದೋಬಸ್ತಿನಲ್ಲಿದ್ದೆ, ಇಲ್ಲಿನದು ನೋಡಿಲ್ಲ. ಹಣ್ಣು ಕುಯ್ಲು ಮುಗಿಸಿ ಸಂಜೆ ಬಂದ ಆಳುಗಳೆಲ್ಲ ತೋಟದ ಸಾಹುಕಾರರ ಮನೆಯ ಕಿಟಕಿಗೆ ಮುಖ ಒತ್ತಿಕೊಂಡು ಟಿವಿಯಲ್ಲಿ ಆ ಗುಮ್ಮಟ ಉರಿಯುವುದನ್ನು ನೋಡಿದರು. ನಂಜಮ್ಮ ಮಡಿಲಲ್ಲಿದ್ದ ಕಾಫಿಹಣ್ಣು ಸುರಿಯುವುದನ್ನೂ ಮರೆತು ನಿಂತಿದ್ದಳು. ಮೂರು ದಿನಕ್ಕೆ ಬೆಂಕಿ ಆರಿತು, ಟಿವಿಯೂ ಬೇರೆ ಸುದ್ದಿಗೆ ಹೋಯಿತು, ಆದರೆ ನಮ್ಮಲ್ಲಿ ಏನೋ ಹೊತ್ತಿಕೊಂಡದ್ದು ಇನ್ನೂ ಆರಿಲ್ಲ. ಮೊದಲೆಲ್ಲ ಬಸ್ಸಿನಲ್ಲಿ ಪಕ್ಕ ಕೂತವನನ್ನು ಯಾವೂರು ಎಂದು ಕೇಳುತ್ತಿದ್ದದ್ದು ನೆಂಟಸ್ತನ ಸಿಕ್ಕೀತೇ ಎಂದು. ಈಗ ಅದೇ ಮಾತನ್ನು ಬೇರೆ ದನಿಯಲ್ಲಿ ಕೇಳುತ್ತಾರೆ. ಹಾಸನದ ಬಸ್ ಸ್ಟಾಂಡಿನಲ್ಲಿ ನನ್ನ ಎಲೆಅಡಿಕೆ ಚೀಲವನ್ನೂ ಬಿಚ್ಚಿಸಿ ನೋಡಿದರು, ಸುಣ್ಣದ ಡಬ್ಬಿ ಅಲ್ಲಾಡಿಸಿದರು. ನಾನೇನೂ ಸಾಚಾ ಅಲ್ಲ. ಹೊಸ ಮುಖ ಕಂಡರೆ ನಾನೂ ಚೀಲ ನೋಡುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ಇರು, ರಸ್ತೆಯಲ್ಲಿ ಜೀಪಿನ ಸದ್ದಾಯಿತು.

ಹಾಲಿನ ಜೀಪು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನದೂ ಅದೇ ಸ್ಥಿತಿ. ನಾಲ್ಕು ದಿನದಿಂದ ಯಾವ ಜೀಪು ಬಂದರೂ ಕಿಟಕಿಗೆ ಹೋಗಿ ನಿಲ್ಲುತ್ತೇನೆ, ಕನ್ನಡಕ ಒರೆಸುತ್ತೇನೆ, ಬಂದು ಕೂರುತ್ತೇನೆ. ನಮ್ಮ ಚೆಕ್‌ರೋಲ್ ವಿಷಯ ನಿನಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ, ಯಾಕೆಂದರೆ ನನಗೇ ಇನ್ನೊಮ್ಮೆ ಹೇಳಿಕೊಳ್ಳಬೇಕಾಗಿದೆ. ಚೆಕ್‌ರೋಲ್ ಎಂದರೆ ಆಳುಗಳ ಹಾಜರಿ ಪುಸ್ತಕ, ವರ್ಷಕ್ಕೆ ಒಂದು ಸಲ ಹಳೆಯ ಪುಸ್ತಕದಿಂದ ಹಾಗೇ ದುಂಡು ಅಕ್ಷರದಲ್ಲಿ ಇಳಿಸಿಕೊಳ್ಳುವುದು. ತಿದ್ದಿದ ಪುಸ್ತಕ ಕಳ್ಳ ಪುಸ್ತಕ ಎಂದು ನಮ್ಮ ಹಳೆಯ ಸಾಹುಕಾರರು ಹೇಳುತ್ತಿದ್ದರು, ಹಾಗಾಗಿ ಅದರಲ್ಲಿ ಹೊಡೆದು ಬರೆಯುವಂತಿಲ್ಲ. ಒಬ್ಬ ಆಳು ಬಿಟ್ಟುಹೋದರೆ ಅವನ ನಂಬರೂ ಹೆಸರೂ ಅಲ್ಲೇ ಇರುತ್ತವೆ, ಹೊಸದಾಗಿ ಬಂದವನು ಆ ನಂಬರಿಗೆ ಕೂರುತ್ತಾನೆ, ಆ ಹೆಸರಿಗೆ ಓಗೊಡುತ್ತಾನೆ. ಮಾರಮ್ಮ ಮದುವೆಯಾಗಿ ಹೋದ ಮೇಲೆ ಚೌಡಮ್ಮ ಎರಡು ವರ್ಷ ಮಾರಮ್ಮನೇ ಆಗಿದ್ದಳಲ್ಲ, ಅವಳ ಗಂಡನೂ ತಮಾಷೆಗೆ ಹಾಗೇ ಕರೆಯುತ್ತಿದ್ದನಲ್ಲ, ನೀನು ಬಿದ್ದು ಬಿದ್ದು ನಗುತ್ತಿದ್ದೆ. ಚೆಕ್‌ರೋಲ್‌ನಲ್ಲಿ ಹೆಸರು ಸಾಯುವುದಿಲ್ಲ ಎಂದು ನಾನು ಜಂಬದಿಂದ ಹೇಳುತ್ತಿದ್ದೆ. ಮೂವತ್ತೊಂದು ವರ್ಷ ಈ ತೋಟದ ಲೆಕ್ಕ ಬರೆಯುವ ರೈಟರಾಗಿ ಒಂದು ದಿನವೂ ಅದು ತಪ್ಪೆಂದು ನನಗೆ ತೋರಲಿಲ್ಲ.

ಅಕ್ಟೋಬರಿನಲ್ಲಿ ಮೇಸ್ತ್ರಿಯೊಬ್ಬ ಅಸ್ಸಾಮಿನಿಂದ ನಾಲ್ಕು ಜನರನ್ನು ಕರೆತಂದ. ಕುಯ್ಲಿಗೆ ಆಳಿಲ್ಲದೆ ಹಣ್ಣು ನೆಲಕ್ಕೆ ಉದುರುತ್ತಿದ್ದ ಕಾಲ, ದೇವರು ಕಳಿಸಿದ ಹಾಗೆ ಬಂದರು. ಖಾಲಿ ಇದ್ದ ನಾಲ್ಕು ನಂಬರಿಗೆ ನಾಲ್ವರನ್ನೂ ಕೂರಿಸಿದೆ. ಮೂವತ್ತೇಳನೇ ನಂಬರಿನ ಹಳೆಯ ಭೂತಯ್ಯ ಎರಡು ವರ್ಷದ ಹಿಂದೆ ಆಲೂರಿಗೆ ಮಗಳ ಮನೆಗೆ ಹೋದವನು ತಿರುಗಿ ಬಂದಿರಲಿಲ್ಲ. ಆ ಜಾಗಕ್ಕೆ ಬಂದವನಿಗೆ ಮೂವತ್ತರ ಮೇಲಿರಬೇಕು, ತೆಳ್ಳನೆಯ ಆಳು, ಮರ ಹತ್ತುವುದರಲ್ಲಿ ಗಟ್ಟಿಗ. ಮುಂಚೆಯೂ ಮೂರ್ನಾಲ್ಕು ವರ್ಷ ಈ ಕಡೆಯ ತೋಟಗಳಲ್ಲಿ ದುಡಿದು ನಮ್ಮ ಮಾತು ಕಲಿತಿದ್ದ. ಅವನ ಹೊಲವನ್ನು ಅಲ್ಲಿಯ ದೊಡ್ಡ ಹೊಳೆ ದಡದ ಸಮೇತ ಕೊಚ್ಚಿಕೊಂಡು ಹೋಯಿತಂತೆ. ಅವನದೂ ಒಂದು ಪೇಟೆಯ ಕಡೆಯೇ ಊರು, ಬರ್ಪೇಟ ಅನ್ನುತ್ತಾನೆ. ಬಾಳ್ಳುಪೇಟೆ, ಬರ್ಪೇಟ ಎಂದು ಎರಡೂ ಬೆರಳು ಸೇರಿಸಿ ತೋರಿಸಿ ನಗುತ್ತಿದ್ದ. ನಿನ್ನ ಅವ್ವನಿಗೆ ಸೌದೆ ಒಡೆದುಕೊಟ್ಟು ಮಜ್ಜಿಗೆ ಕುಡಿದು ಹೋಗುತ್ತಿದ್ದ. ಮುಂಬೈ ಸುದ್ದಿ ನೋಡಿದ ಸಂಜೆ ನನ್ನ ಹತ್ತಿರ ಬಂದು "ಸಾಮಿ, ಟೇಸನ್ನಾಗೂ ಸತ್ರಾ? ನೆಲದ ಮ್ಯಾಲೆ ಮಲ್ಗಿರೋರು?" ಎಂದು ಕೇಳಿದ. ಹೌದು ಎಂದೆ. ಹೋಗಿ ಆಳುಗಳ ಲೈನ್ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟ. ರೈಲ್ವೆ ಸ್ಟೇಷನ್ನಿನ ನೆಲದ ಮೇಲೆ ಮಲಗುವವರು ಅವನಂಥವರೇ ಅಲ್ಲವೇ. ಆಮೇಲೆ ಅಂಗಡಿ ಬೀದಿಯಲ್ಲಿ ಜನ ಇವರನ್ನು ಕಂಡು ಗುಸುಗುಸು ಮಾಡತೊಡಗಿದರು, ಡಿಸೆಂಬರು ಕಳೆಯುವುದರೊಳಗೆ ಉಳಿದ ಮೂವರೂ ಹೆದರಿ ಊರಿಗೆ ಹೋದರು. ಇವನು ಮಾತ್ರ ಉಳಿದ. "ನಾನ್ ಇಲ್ಲೀವ್ನು ಸಾಮಿ, ಭೂತಯ್ಯ" ಎಂದ. ನನಗೆ ಹೆಮ್ಮೆಯೇ ಆಯಿತು ನೋಡು.

ಡಿಸೆಂಬರಿನಲ್ಲೇ ಠಾಣೆಯಿಂದ ಕಾಗದ ಬಂತು. ಪ್ರತಿ ಎಸ್ಟೇಟಿನವರೂ ಆಳುಗಳ ಪಟ್ಟಿ ಕೊಡಬೇಕು, ಹೆಸರು, ಊರು, ಎಲ್ಲ. ಹೊರಗಿನವರಿದ್ದರೆ ಬೇರೆಯಾಗಿ ತೋರಿಸಬೇಕು. ನೀನು ಕಾರವಾರಕ್ಕೆ ಹೋಗುವ ಮುಂಚೆ ನಾಲ್ಕು ದಿನ ರಜೆಯಲ್ಲಿ ಬಂದಿದ್ದೆ. ನಾನು ಚೆಕ್‌ರೋಲ್ ತೆರೆದು ಹಾಗೇ ಇಳಿಸಿಕೊಂಡೆ. ನೀನು ಊಟದ ತಟ್ಟೆ ಮುಂದಿಟ್ಟುಕೊಂಡು "ಅಪ್ಪಾ, ಎಲ್ಲಾ ಸರಿ ಐತಾ? ನೋಡ್ದ್ಯಾ?" ಎಂದು ಕೇಳಿದೆ. "ಮೂವತ್ತೊಂದು ವರ್ಷದ ಕೈ ಕಣೋ ಇದು, ನೀನು ಉಣ್ಣು" ಎಂದೆ. ನನಗೆ ಬಸ್ಸು ಹತ್ತಿ ಇಳಿಯುವ ತಾಪತ್ರಯ ತಪ್ಪಲಿ ಎಂದು ನೀನೇ ಒಯ್ದು ಕೊಟ್ಟೆ. ಅಲ್ಲಿನವರು ಇಲಾಖೆಯವನೇ ಅಲ್ಲವೇ ಎಂದು ಕೆಳಗೆ "ಪರಿಶೀಲಿಸಿದೆ, ಸರಿಯಿದೆ" ಎಂದು ಬರೆಸಿ ನಿನ್ನ ಸಹಿ, ನಂಬರು ಹಾಕಿಸಿಕೊಂಡರಂತೆ. ಮನೆಗೆ ಬಂದು ಅದನ್ನು ನೀನು ನಗುತ್ತಾ ಹೇಳಿದೆ. ಆಗ ನನಗೆ ಏನೂ ಅನ್ನಿಸಲಿಲ್ಲ ಮಗಾ. ಈಗ ಊಟಕ್ಕೆ ಕೂತರೆ ಅದೇ ಕಣ್ಣ ಮುಂದೆ ಬರುತ್ತದೆ.

ಮೊನ್ನೆ ಮಂಗಳವಾರ ಸ್ಪ್ರಿಂಕ್ಲರ್ ಪಂಪು ಕೆಟ್ಟಿತ್ತು. ರೋಬಸ್ಟಾ ಕಾಫಿಗೆ ನೀರು ಹಾಯಿಸುವ ಹೊತ್ತು, ಒಂದು ದಿನ ತಡವಾದರೂ ಹೂವು ಕೈಕೊಡುತ್ತದೆ. ರಿಪೇರಿಗೆ ಕೊಟ್ಟಿದ್ದ, ನೀರು ಚಿಮ್ಮಿಸುವ ಹಿತ್ತಾಳೆ ಮೂತಿಗಳನ್ನೂ ಒಂದು ತುಂಡು ಪೈಪನ್ನೂ ತರಲು ಭೂತಯ್ಯನನ್ನು ಬಾಳ್ಳುಪೇಟೆಗೆ ಕಳಿಸಿದೆ. ಕಳಿಸಿದವನು ನಾನೇ. ಅವನು ಅವನ್ನೆಲ್ಲ ಗೋಣಿತಾಟಿನಲ್ಲಿ ಸುತ್ತಿ ಹೆಗಲಿಗಿಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದಾಗ ಹೆದ್ದಾರಿ ತಪಾಸಣೆಯವರು ಬಂದರು. ಗೋಣಿತಾಟು ಬಿಚ್ಚಿಸಿದರು. ಹಿತ್ತಾಳೆ, ಕಬ್ಬಿಣ, ಪೈಪು. ಕಾಫಿ ತೋಟ ಕಾಣದ ಹೊರಗಿನ ಪೊಲೀಸಿನವರಿಗೆ ಅದು ಏನಾಗಿ ಕಂಡಿತೋ. ಹೆಸರೇನು ಎಂದರು. ಭೂತಯ್ಯ ಎಂದ. ಜೇಬಿನಲ್ಲಿದ್ದ ಅಸ್ಸಾಮಿನ ವೋಟಿನ ಗುರುತುಚೀಟಿಯಲ್ಲಿ ಬೇರೆಯೇ ಹೆಸರಿತ್ತು. ಇನ್ನೊಮ್ಮೆ ಕೇಳಿದರು. ಎಸ್ಟೇಟಿನವರನ್ನು ವಿಚಾರಿಸಿದರೆ ಭೂತಯ್ಯ ಎಂದೇ ಹೇಳುತ್ತಾರೆ ಎಂಬ ನಂಬಿಕೆಯಿಂದ ಮತ್ತೆ ಭೂತಯ್ಯ ಎಂದ. ಅಲ್ಲಿಗೆ ಮುಗಿಯಿತು. ಮುಸಲ್ಮಾನ, ದೂರದವನು, ಹಿಂದೂ ಹೆಸರು ಇಟ್ಟುಕೊಂಡಿದ್ದಾನೆ, ಕೈಯಲ್ಲಿ ಕಬ್ಬಿಣ. ಠಾಣೆಯಲ್ಲಿ ನಮ್ಮ ಪಟ್ಟಿ ತೆಗೆದು ನೋಡಿದರೆ ಹೊರಗಿನವರು ಯಾರೂ ಇಲ್ಲ ಎಂದಿದೆ, ಕೆಳಗೆ ಪರಿಶೀಲಿಸಿದೆ ಎಂದು ಸಹಿ ಇದೆ.

ಬುಧವಾರ ಜೀಪು ಇಲ್ಲಿಗೇ ಬಂತು. ಸಾಹುಕಾರರು ನನ್ನನ್ನು ಸ್ಟೋರಿನ ಹಿಂದಕ್ಕೆ ಕರೆದರು. ಒಳ್ಳೆಯ ಮನುಷ್ಯರು, ನೀನು ಟ್ರೇನಿಂಗಿಗೆ ಹೊರಟಾಗ ಕಾರಿನಲ್ಲಿ ಹಾಸನಕ್ಕೆ ಬಿಟ್ಟವರು. ಆದರೆ ಹೆದರಿದ್ದರು. "ಅವ್ನೇ ಈ ಹೆಸ್ರು ಹೇಳ್ಕಂಡು ಸೇರ್ದ ಅಂತ ಬರ್ಕೊಡಿ ರೈಟ್ರೇ. ತ್ವಾಟಕ್ಕೂ ತೊಂದ್ರೆ ಇಲ್ಲ, ನಿಮ್ ಮಗ್ನಿಗೂ ತೊಂದ್ರೆ ಇಲ್ಲ" ಎಂದರು. ಅವರು ಹೇಳಿದ್ದರಲ್ಲಿ ತೋಟದ ಮಾತು ನನ್ನ ಕಿವಿಗೆ ಬೀಳಲಿಲ್ಲ, ನಿನ್ನ ಮಾತು ಬಿತ್ತು. ಕಾಗದ ಮುಂದಿಟ್ಟರು, ಪೆನ್ನು ಕೊಟ್ಟರು. ಕನ್ನಡಕ ಮನೆಯಲ್ಲಿ ಬಿಟ್ಟಿದ್ದೇನೆ ಎಂದೆ. ಅದು ಜೇಬಿನಲ್ಲೇ ಇತ್ತು. ಸೋಮವಾರ ಠಾಣೆಗೇ ಬಂದು ಬರೆದುಕೊಡಿ, ಇಲ್ಲದಿದ್ದರೆ ಅವನನ್ನು ಹಾಸನಕ್ಕೆ ಕಳಿಸುತ್ತೇವೆ, ಕೇಸು ಅಲ್ಲಿಂದ ಮುಂದೆ ಹೋಗುತ್ತದೆ, ನಮ್ಮ ಕೈಲಿರುವುದಿಲ್ಲ ಎಂದು ಹೇಳಿ ಜೀಪಿನವರು ಹೋದರು. ಸಾಹುಕಾರರು ಹೇಳಿದಂತೆ ಬರೆದರೂ ಅವನು ಹೋಗುವುದು ಅಲ್ಲಿಗೇ. ಸುಳ್ಳು ಹೆಸರಿನಲ್ಲಿ ಸೇರಿಕೊಂಡವನು ಎಂದು ನಾನೇ ಮೊಹರು ಒತ್ತಿದ ಹಾಗೆ.

ಶುಕ್ರವಾರ ಅವನನ್ನು ನೋಡಲು ಹೋದೆ. ಸುಳ್ಳು ಹೇಳಬಾರದು, ಹೊಡೆದಿಲ್ಲ, ಟೀ ಕೊಟ್ಟಿದ್ದರು. ಮೂಲೆಯ ಬೆಂಚಿನ ಮೇಲೆ ಕೂತಿದ್ದವನು ನನ್ನನ್ನು ಕಂಡ ಕೂಡಲೇ ಎದ್ದು ಕೈ ಕೆಳಗೆ ಬಿಟ್ಟು ನೆಟ್ಟಗೆ ನಿಂತು "ಹಾಜರ್ ಸಾಮಿ" ಎಂದ, ಬೆಳಿಗ್ಗೆ ಕಣದಲ್ಲಿ ನಾನು ಹಾಜರಿ ಕೂಗಿದಾಗ ಹೇಳುವಂತೆಯೇ. ನಾನು ಬಂದೆನಲ್ಲ, ಇನ್ನು ಎಲ್ಲ ಸರಿಹೋಯಿತು ಎಂದು ಅವನ ಮುಖ ಹೇಳುತ್ತಿತ್ತು. ಅಲ್ಲಿದ್ದ ಪೇದೆ, ನಿನ್ನ ವಯಸ್ಸಿನವನೇ, "ರೈಟ್ರೇ, ಹೋಗ್ಲಿ, ಇವನ ನಿಜವಾದ ಹೆಸ್ರು ಏನು, ನೀವೇ ಹೇಳ್ರಿ" ಎಂದ. ನನಗೆ ಗೊತ್ತಿರಲಿಲ್ಲ ಮಹೇಶ. ನಾಲ್ಕು ತಿಂಗಳು ದಿನಾ ಬೆಳಿಗ್ಗೆ ಅವನನ್ನು ಕೂಗಿದ್ದೇನೆ, ನಮ್ಮ ಹಿತ್ತಲಲ್ಲಿ ಸೌದೆ ಒಡೆದಿದ್ದಾನೆ, ಅವನ ಹೊಲ ಹೊಳೆಗೆ ಹೋದದ್ದು ನನಗೆ ಗೊತ್ತು, ಅವನ ಹೆಸರು ಗೊತ್ತಿಲ್ಲ. ಪೇದೆ ಗುರುತುಚೀಟಿ ಕೊಟ್ಟ. ಆಗ ಕನ್ನಡಕ ಹಾಕಿಕೊಂಡೆ. ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಓದಿದೆ, ಮೈನುಲ್ ಹಕ್. ಅಷ್ಟು ನಾಚಿಕೆ ನನಗೆ ನನ್ನ ಜನ್ಮದಲ್ಲಿ ಆಗಿರಲಿಲ್ಲ.

ನಿನ್ನ ಅವ್ವನಿಗೆ ಎಲ್ಲ ಹೇಳಿದೆ. ಮೊದಲು ಅವಳು ಹಿತ್ತಲ ಬಾಗಿಲಿಗೆ ಅಗುಳಿ ಹಾಕಿದಳು, ಯಾಕೆ ಎಂದರೆ ಅವಳಿಗೂ ಗೊತ್ತಿಲ್ಲ. ಆಮೇಲೆ ಅಳುತ್ತಾ "ನನ್ ಮಗನ್ ಹೊಟ್ಟೆ ಮ್ಯಾಲೆ ಹೊಡೀಬ್ಯಾಡಿ ಕಣ್ರೀ, ಅವ್ನು ಏನ್ ಮಾಡವ್ನೆ? ನಿಮ್ ಮಾತು ನಂಬ್ದ, ಅಷ್ಟೇ" ಎಂದಳು. ಇವತ್ತು ನಾನು ಮುಖ ತೊಳೆದು ಬರುವಷ್ಟರಲ್ಲಿ ಆರು ಅಕ್ಕಿರೊಟ್ಟಿ, ಕಾಯಿಚಟ್ನಿ ಬಾಳೆಲೆಯಲ್ಲಿ ಕಟ್ಟಿ ಇಟ್ಟಿದ್ದಳು. ಯಾರಿಗೆ ಎಂದೆ. "ಟೇಸನ್ನಾಗೆ ಕೂತವ್ನಲ್ಲ, ಅವ್ನಿಗೆ. ಕೇಳ್ತಾರೆ ಬ್ಯಾರೆ" ಎಂದು ನನ್ನ ಮೇಲೆಯೇ ರೇಗಿದಳು. ಹೆತ್ತೂರಿನ ಬಸ್ಸಿನಲ್ಲಿ ಹೋಗಿ ಕೊಟ್ಟುಬಂದೆ. ಮಗನನ್ನು ಉಳಿಸಿ ಎನ್ನುತ್ತಾಳೆ, ರೊಟ್ಟಿಯನ್ನೂ ಕಟ್ಟುತ್ತಾಳೆ.

ನಾನು ನಿಜ ಬರೆದುಕೊಟ್ಟರೆ ಏನಾಗುತ್ತದೆಂದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ನೋಡದೆ ಸಹಿ ಹಾಕಿದೆ ಎಂದು ನಿನ್ನ ಮೇಲೆ ವಿಚಾರಣೆ ಇಡುತ್ತಾರೆ. ಇಂಥ ಕಾಲದಲ್ಲಿ ಇಂಥ ವಿಷಯದಲ್ಲಿ ಯಾರೂ ಬೆನ್ನ ಮೇಲೆ ಕೈಯಾಡಿಸಿ ಬಿಡುವುದಿಲ್ಲ. ಹಾಸನದ ವರ್ಗಾವಣೆ ಅಲ್ಲಿಗೇ ನಿಲ್ಲುತ್ತದೆ, ಸಸ್ಪೆಂಡೂ ಆಗಬಹುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು, ಮುಂಬೈಗೆ ಬಂದ ಜ್ವರಕ್ಕೆ ಹೆತ್ತೂರಿನಲ್ಲಿ ಬರೆ ಎಂದು. ಆದರೆ ಬರೆಯ ಕಬ್ಬಿಣ ಕಾಯಿಸಿಕೊಟ್ಟವನು ನಾನು. ಅಲ್ಲಿ ಬಂದೂಕು ಹಿಡಿದು ಬಂದವರಿಗೆ ಭೂತಯ್ಯನೂ ಗೊತ್ತಿಲ್ಲ, ಮೈನುಲ್ಲನೂ ಗೊತ್ತಿಲ್ಲ. ಅವರು ಸತ್ತರೂ ಇಲ್ಲಿ ಒಬ್ಬರ ಕಡೆ ಒಬ್ಬರು ಬೆರಳು ತೋರಿಸುವ ಕೆಲಸ ನಡೆಯುತ್ತಲೇ ಇದೆ, ಅದನ್ನು ನಾನೂ ನೀನೂ ಸಾಹುಕಾರರೂ ಸೇರಿ ಮಾಡುತ್ತಿದ್ದೇವೆ. ನೀನು ಚಿಕ್ಕವನಿದ್ದಾಗ ಕಾಪಿ ಪುಸ್ತಕದಲ್ಲಿ ಅಕ್ಷರ ತಿದ್ದಿ ಬರೆದರೆ ಕಿವಿ ಹಿಂಡುತ್ತಿದ್ದೆ. ಈಗ ತಿದ್ದಬೇಕಾದ ಕಡೆ ನಾನೇ ಕನ್ನಡಕ ಬಿಟ್ಟುಬಂದೆ ಎನ್ನುತ್ತೇನೆ. ನೀನೇ ಹೇಳು ಎನ್ನೋಣವೆಂದರೆ ಈ ಕಾಗದ ನಿನಗೆ ತಲುಪುವುದು ಗುರುವಾರವೋ ಶುಕ್ರವಾರವೋ, ಜೀಪು ಹೊರಡುವುದು ನಾಳೆ. ಐದನೇ ಸಲ ಎದ್ದು ಅಂಗಳಕ್ಕೆ ಹೋಗಿ ಬಂದೆ. ನಿನ್ನ ಅವ್ವ ಒಳಗಿನಿಂದ "ಅತ್ಲಾಗೆ ಇತ್ಲಾಗೆ ಓಡಾಡ್ಬ್ಯಾಡಿ, ನನ್ಗೆ ತಲೆ ಸುತ್ತತೈತೆ" ಎನ್ನುತ್ತಿದ್ದಾಳೆ.

ಊಟ ಸರಿಯಾಗಿ ಮಾಡು. ಮೀನಿನ ವಾಸನೆ ಎಂದು ಮೆಸ್ಸಿನಲ್ಲಿ ಅನ್ನ ಬಿಟ್ಟೇಳಬೇಡ, ಮೊಸರಾದರೂ ಕೇಳಿ ಹಾಕಿಸಿಕೋ. ಈಜು ಪೂರಾ ಬರುವ ತನಕ ದೋಣಿಯ ಅಂಚಿಗೆ ಕೂರಬೇಡ. ಕೊರಳ ಲಿಂಗದ ದಾರ ಉಪ್ಪುನೀರಿಗೆ ಸವೆಯುತ್ತದೆ, ಆಗಾಗ ನೋಡಿಕೋ. ನಿನ್ನ ಅವ್ವನ ಹರಕೆ ನಿನ್ನ ಬೆನ್ನಿಗಿರಲಿ.

ಇಂತು ನಿನ್ನ ಹಿತ ಬಯಸುವ,
ಅಪ್ಪ
ವೀರಯ್ಯ

ತಾ.ಕ.: ಮಂಗಳವಾರ ಬೆಳಿಗ್ಗೆ, ಹೆತ್ತೂರಿನ ಪೋಸ್ಟಾಫೀಸಿನಲ್ಲಿ ನಿಂತೇ ಬರೆಯುತ್ತಿದ್ದೇನೆ, ಬಸ್ಸು ಬರುವುದರಲ್ಲಿದೆ. ಭಾನುವಾರ ಮುಗಿಸಿದ ಕಾಗದವನ್ನು ಹಾಕಿರಲಿಲ್ಲ. ನಿನ್ನೆ ಠಾಣೆಗೆ ಚೆಕ್‌ರೋಲನ್ನೇ ಎತ್ತಿಕೊಂಡು ಹೋದೆ, ಸಾಹುಕಾರರಿಗೆ ಹೇಳಲಿಲ್ಲ. ನಂಬರಿನ ಪದ್ಧತಿ ತೋರಿಸಿದೆ, ಹೆಸರು ಇಟ್ಟವನು ನಾನು, ಅವನಲ್ಲ ಎಂದು ಬರೆದು ಸಹಿ ಹಾಕಿದೆ. ಹಳೆಯ ಭೂತಯ್ಯನನ್ನು ಆಲೂರಿನಿಂದ ಕರೆಸಿ ಕೇಳಿದರು, ಅವನು ಬೈದುಕೊಂಡೇ ಬಂದ, ಆದರೆ ಹೌದು ಎಂದ. ಹಿತ್ತಾಳೆ ಮೂತಿಗಳನ್ನೂ ಕೊಟ್ಟರು. ಸಂಜೆಗೆ ಮೈನುಲ್‌ನನ್ನು ಬಿಟ್ಟರು. ಇವತ್ತು ಹಾಜರಿಗೆ ಮೊದಲು ಮೂವತ್ತೇಳನೇ ನಂಬರಿನ ಹೆಸರನ್ನು ಹೊಡೆದು ಬರೆದೆ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. ಮೈನುಲ್ ಹಕ್ ಎಂದು ಕೂಗಿದೆ. ಅವನು ಸುಮ್ಮನೆ ನಿಂತಿದ್ದ, ಭೂತಯ್ಯ ಎನ್ನುವುದನ್ನೇ ಕಾಯುತ್ತಿದ್ದ. ನಂಜಮ್ಮ ಮೊಣಕೈಯಲ್ಲಿ ತಿವಿದು "ನಿನ್ನೇ ಕಣೋ ಕರೀತಿರಾದು" ಎಂದ ಮೇಲೆ ಹಾಜರ್ ಎಂದ.

ಇನ್ನೊಂದು. ನಿನ್ನೆ ಎಲ್ಲ ಮುಗಿಯಿತು, ಹೊರಡೋಣ ಎನ್ನುವಾಗ ಠಾಣೆಯ ದೊಡ್ಡ ಸಾಹೇಬರು ನಮ್ಮ ಪಟ್ಟಿ ನನ್ನ ಮುಂದೆ ಹಿಡಿದು, ಕೆಳಗಿನ ಸಹಿ ಯಾರದು, ಗೊತ್ತೇ ಎಂದು ಕೇಳಿದರು. ಕನ್ನಡಕ ಮರೆತಿದ್ದೇನೆ ಎನ್ನಬಹುದಿತ್ತು. ಆ ಸಹಿಯ ಅಕ್ಷರ ನಾನು ಕೈಹಿಡಿದು ತಿದ್ದಿಸಿದ್ದು. "ನನ್ ಮಗಂದು ಸ್ವಾಮಿ, ನನ್ ಮಾತು ನಂಬಿ ಹಾಕ್ದ" ಎಂದೆ. ಅದನ್ನೂ ಬರೆದುಕೊಂಡರು. ಅವರ ಕಾಗದ ನಿನಗೆ ಬರುವ ಮುಂಚೆ ನನ್ನದು ಮುಟ್ಟಲಿ ಎಂದು ಇದನ್ನು ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ, ಮಗಾ.